ಎರಡನೇ ಮಂಗಳವಾರದ ತೇಪೆ

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಸ್ತೆಯನ್ನು ವಿದ್ಯಾರ್ಥಿಗಳ ರಸ್ತೆ ಎಂದೇ ಕರೆಯಬಹುದು. ಉದ್ಯಮಬಾಗದಲ್ಲಿ ಗೋಗಟೆ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ. ಮುಂದೆ ಮಚ್ಛೆಯ ಬಳಿ, 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ‘ಜ್ಞಾನ ಸಂಗಮ’. ಈ ದಾರಿಯ ಬಸ್ಸುಗಳಲ್ಲಿ ಓಡಾಡುವ ಹುಡುಗ ಹುಡುಗಿಯರ ಚೀಲದಲ್ಲಿ ಊಟದ ಡಬ್ಬಿಯ ಜೊತೆಗೆ ಪೆನ್‌ಡ್ರೈವ್ ಕೂಡ ಇರುತ್ತದೆ. ಲ್ಯಾಬಿನಲ್ಲಿ ತಯಾರಾದ ಪ್ರಾಜೆಕ್ಟ್ ವರದಿ ಝೆರಾಕ್ಸ್ ಅಂಗಡಿಯ ಕಂಪ್ಯೂಟರನ್ನು ಮುಟ್ಟಿ, ಸಂಜೆ ಮನೆಯ ಕಂಪ್ಯೂಟರಿಗೆ ಬಂದು ಸೇರುತ್ತದೆ. ಈ ಮೂರರಲ್ಲಿ ಒಂದರಲ್ಲಿ ಬಿರುಕಿದ್ದರೂ ಉಳಿದ ಎರಡಕ್ಕೆ ಅಪಾಯ ತಪ್ಪಿದ್ದಲ್ಲ.

ಏನಿದು ಬಿರುಕು? ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ವಿಂಡೋಸ್, ಲಿನಕ್ಸ್, ಮ್ಯಾಕ್ ಓಎಸ್ ಇವೆಲ್ಲ ಅದೇ ಜಾತಿಯವು. ಕೋಟಿಗಟ್ಟಲೆ ಸಾಲುಗಳ ಆದೇಶಗಳನ್ನು ಮನುಷ್ಯರೇ ಬರೆದಿರುವುದರಿಂದ ಅಲ್ಲಲ್ಲಿ ತಪ್ಪು ಉಳಿದಿರುತ್ತದೆ. ಕೆಲವು ತಪ್ಪುಗಳ ಮೂಲಕ ಹೊರಗಿನವರು ಒಳಗೆ ನುಸುಳಬಹುದು. ತಯಾರಕರು ಅದನ್ನು ಮುಚ್ಚಲು ಕಳಿಸುವ ತೇಪೆಯೇ ಸೆಕ್ಯುರಿಟಿ ಅಪ್‌ಡೇಟ್. ಮೈಕ್ರೋಸಾಫ್ಟ್ 2003ರ ಅಕ್ಟೋಬರಿನಿಂದ ತಿಂಗಳ ಎರಡನೇ ಮಂಗಳವಾರ ಇವನ್ನು ಬಿಡುಗಡೆ ಮಾಡುತ್ತ ಬಂದಿದೆ. ಆಗ ನಮ್ಮಲ್ಲಿ ರಾತ್ರಿಯಾಗಿರುತ್ತದೆ.

ಹಂಚಿಗೆ ಹೆಸರಾದ ಖಾನಾಪುರದಲ್ಲಿ ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿ ಒಡೆದ ಹಂಚು ಬದಲಿಸುವುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕಂಪ್ಯೂಟರಿನ ತೇಪೆಯೂ ಅಂಥದೇ ಕೆಲಸ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಯಾವ ಹಂಚು ಒಡೆದಿದೆ ಎಂದು ಮಳೆಗೆ ಮೊದಲೇ ಗೊತ್ತಿರುವುದಿಲ್ಲ. ಇಲ್ಲಿ ಹಾಗಲ್ಲ. ತೇಪೆ ಹೊರಬಿದ್ದ ದಿನವೇ ಬಿರುಕು ಎಲ್ಲಿತ್ತು ಎಂಬುದು ಕಳ್ಳರಿಗೂ ತಿಳಿಯುತ್ತದೆ. ಹಳೆಯ ಕಡತವನ್ನೂ ಹೊಸ ಕಡತವನ್ನೂ ಅಕ್ಕಪಕ್ಕ ಇಟ್ಟು ನೋಡಿ ಅವರು ದಾರಿ ಕಂಡುಹಿಡಿಯುತ್ತಾರೆ. ಆಮೇಲೆ ಹುಡುಕುವುದು ತೇಪೆ ಹಾಕದವರ ಮನೆಯನ್ನು.

ಇದಕ್ಕೆ ಸಾಕ್ಷಿ ಬೇಕಾದಷ್ಟಿವೆ. 2003ರ ಜುಲೈ 16ರಂದು ವಿಂಡೋಸಿನ ಒಂದು ಬಿರುಕಿಗೆ ತೇಪೆ ಬಂತು. 26 ದಿನಗಳ ನಂತರ, ಆಗಸ್ಟ್ 11ರಂದು, ಅದೇ ಬಿರುಕಿನಲ್ಲಿ ನುಗ್ಗಿದ ‘ಬ್ಲಾಸ್ಟರ್’ ಜಗತ್ತಿನಾದ್ಯಂತ ಹರಡಿತು. 2017ರ ಮಾರ್ಚ್ 14ರಂದು ಇನ್ನೊಂದು ತೇಪೆ ಬಂತು. 59 ದಿನ ಕಳೆದು, ಮೇ 12ರಂದು ‘ವಾನ್ನಾಕ್ರೈ’ ದಾಳಿ ಮಾಡಿತು. ಕಡತಗಳಿಗೆಲ್ಲ ಬೀಗ ಜಡಿದು, ಬೀಗ ತೆಗೆಯಲು 300 ಡಾಲರ್ ಕೇಳಿತು. 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ಅದಕ್ಕೆ ಸಿಕ್ಕವು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳು ಮುಂದಕ್ಕೆ ಹೋದವು. ನಮ್ಮ ದೇಶದಲ್ಲಿ ಆಂಧ್ರಪ್ರದೇಶದ ಪೊಲೀಸ್ ಕಂಪ್ಯೂಟರುಗಳೂ ಕೇರಳದ ವಯನಾಡಿನ ಪಂಚಾಯತಿ ಕಚೇರಿಯೊಂದರ ಕಂಪ್ಯೂಟರುಗಳೂ ಬಲಿಯಾದವು. ಹಳ್ಳಿಯ ಕಂಪ್ಯೂಟರನ್ನು ಯಾರು ಕೇಳುತ್ತಾರೆ ಎಂಬ ಮಾತು ಅಲ್ಲಿಗೆ ಸುಳ್ಳಾಯಿತು. ಸಿಕ್ಕಿಬಿದ್ದವುಗಳಲ್ಲಿ ಬಹುಪಾಲು ವಿಂಡೋಸ್ 7 ಯಂತ್ರಗಳು. ಅವುಗಳಿಗೆ ತೇಪೆ ಆಗಲೇ ಉಚಿತವಾಗಿ ದೊರೆಯುತ್ತಿತ್ತು, ಹಾಕಿಕೊಂಡಿರಲಿಲ್ಲ, ಅಷ್ಟೇ.

ಏಕೆ ಹಾಕಿಕೊಳ್ಳುವುದಿಲ್ಲ? ಮೊಬೈಲ್ ಡೇಟಾ ಖಾಲಿಯಾಗುತ್ತದೆಂಬ ಲೆಕ್ಕ ಒಂದು. ಮಳೆಗಾಲದಲ್ಲಿ ಅರ್ಧಕ್ಕೇ ಕರೆಂಟು ಹೋದರೆ ಎಂಬ ಭಯ ಇನ್ನೊಂದು. ಅಪ್‌ಡೇಟ್‌ನಿಂದಲೇ ಕಂಪ್ಯೂಟರ್ ಕೆಟ್ಟರೆ ಎಂಬುದು ಮೂರನೆಯದು. ಈ ಭಯ ಪೂರ್ತಿ ಹುಸಿಯಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ದೋಷಪೂರ್ಣ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನಿಂತುಹೋದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಆದರೆ ಆ ಯಂತ್ರಗಳು ನಿಂತವೇ ಹೊರತು ಒಳಗಿನ ಕಡತಗಳು ಕಳುವಾಗಲಿಲ್ಲ. ಇದಕ್ಕೆ ಪರಿಹಾರ ಅಪ್‌ಡೇಟ್ ಬಿಡುವುದಲ್ಲ, ಮುಖ್ಯ ಕಡತಗಳ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡುವುದು.

ಪಾಲಕರು ಮುಖ್ಯವಾಗಿ ಗಮನಿಸಬೇಕಾದದ್ದು ವಿಂಡೋಸ್ 10ರ ವಿಷಯ. ಇದಕ್ಕೆ ಸಾಮಾನ್ಯ ಉಚಿತ ತೇಪೆಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಮರುದಿನವೂ ಕಂಪ್ಯೂಟರ್ ಎಂದಿನಂತೆಯೇ ನಡೆಯಿತು. ಮೋಸಹೋಗುವುದು ಇಲ್ಲೇ. ಹೆಸರು ನೋಂದಾಯಿಸಿದ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತೇಪೆ ಕೊಡುವುದಾಗಿ ಕಂಪನಿ 2025ರಲ್ಲಿ ಪ್ರಕಟಿಸಿತು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಸುಮಾರು 2018ಕ್ಕಿಂತ ಹಿಂದಿನ ಬಹಳಷ್ಟು ಯಂತ್ರಗಳು ಅದಕ್ಕೆ ಅರ್ಹವಲ್ಲ. ಅಂಥ ಯಂತ್ರವನ್ನು ಗುಜರಿಗೆ ಹಾಕಬೇಕಾಗಿಲ್ಲ. ಉಬುಂಟು ಎಂಬ ಲಿನಕ್ಸ್ ಉಚಿತ. 2024ರಲ್ಲಿ ಬಂದ ಅದರ 24.04 ಆವೃತ್ತಿಗೆ 2029ರವರೆಗೆ ಭದ್ರತಾ ತೇಪೆಗಳುಂಟು. ಲಿನಕ್ಸಿನಲ್ಲೂ ಬಿರುಕು ಬೀಳುತ್ತದೆ, ಆದ್ದರಿಂದ ಅಲ್ಲೂ ಅಪ್‌ಡೇಟ್ ತಪ್ಪಿಸುವಂತಿಲ್ಲ.

ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಳ್ಳುವವರು ಬೆಲೆಗೆ ಮೊದಲು ಎರಡು ಪ್ರಶ್ನೆ ಕೇಳಬೇಕು: ಒಳಗಿರುವ ವಿಂಡೋಸ್ ಯಾವ ಆವೃತ್ತಿ? ಅದು ಅಸಲಿಯೇ? ನಕಲಿ ಪ್ರತಿಗಳಲ್ಲಿ ಅಪ್‌ಡೇಟನ್ನೇ ಬಂದ್ ಮಾಡಿಟ್ಟಿರುವುದುಂಟು. ಮೊಬೈಲ್ ಹಾಟ್‌ಸ್ಪಾಟ್ ಬಳಸುವವರು ಇನ್ನೊಂದನ್ನು ನೋಡಿಕೊಳ್ಳಬೇಕು. ಸೆಟ್ಟಿಂಗ್ಸ್‌ನಲ್ಲಿ ‘ಮೀಟರ್ಡ್ ಕನೆಕ್ಷನ್’ ಎಂದಿದ್ದರೆ ಬಹುಪಾಲು ಅಪ್‌ಡೇಟ್‌ಗಳು ತಾವಾಗಿ ಇಳಿಯುವುದಿಲ್ಲ. ಇಂಟರ್ನೆಟ್ ನೋಡುವಾಗ ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಇಲ್ಲಿ ಒತ್ತಿ’ ಎಂದು ಹಾರಿಬರುವ ಸೂಚನೆ ಅಪ್‌ಡೇಟ್ ಅಲ್ಲ, ಬಲೆ. ನಿಜವಾದದ್ದು ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್‌ನಲ್ಲೇ ಸಿಗುತ್ತದೆ.

ಪರೀಕ್ಷೆಯ ದಿನಗಳಲ್ಲಿ ‘ಆಮೇಲೆ ನೆನಪಿಸು’ ಎಂಬುದನ್ನು ಒತ್ತುವುದು ವಿದ್ಯಾರ್ಥಿಗಳಿಗೆ ರೂಢಿ. ಹಾಗೆ ಒತ್ತಿದರೂ ಆ ವಾರದ ಭಾನುವಾರ ದಾಟಗೊಡಬಾರದು. ವರದಿಯ ಒಂದು ಪ್ರತಿಯನ್ನು ಬೇರೆಡೆ ಇಟ್ಟು, ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿಸಿಕೊಂಡು, ಅಪ್‌ಡೇಟ್ ಹಾಕಿ ಊಟಕ್ಕೆ ಕುಳಿತರೆ ಕೆಲಸ ಮುಗಿಯುತ್ತದೆ.