ಸಾಲ ತೀರಿಸದವರ ದಾನ

ಕಟ್ಟಡ ನಿರ್ಮಾಣ ಕಂಪನಿಗಳಲ್ಲಿ ವರ್ಷಕ್ಕೊಮ್ಮೆ ನೌಕರರನ್ನು ಸನ್ಮಾನಿಸುವ ಪರಿಪಾಠ ಬೆಳೆದುಬಂದಿದೆ. ಉತ್ತಮ ಇಂಜಿನಿಯರಿಗೆ, ಉತ್ತಮ ಲೆಕ್ಕಿಗನಿಗೆ, ದೀರ್ಘಕಾಲ ದುಡಿದ ಮೇಲ್ವಿಚಾರಕನಿಗೆ ಶಾಲು, ಫಲಕಗಳು ಸಲ್ಲುತ್ತವೆ. ಅದೇ ವೇದಿಕೆಯಲ್ಲಿ ಶಾಲೆಗೆ ಬೆಂಚುಗಳ ದಾನವೂ ಘೋಷಿತವಾಗುತ್ತದೆ. ಇವು ಕೆಟ್ಟ ಕೆಲಸಗಳಲ್ಲ. ಆದರೆ ಗೋಡೆ ಕಟ್ಟಿದ ಗಾರೆಯವನು, ಕಾಂಕ್ರೀಟ್ ತುಂಬಿದ ಬಾಂಡಲಿ ಹೊತ್ತ ಹೆಣ್ಣುಮಗಳು ಆ ವೇದಿಕೆಯಲ್ಲಿ ಏಕೆ ಕಾಣುವುದಿಲ್ಲ? ಕಂಪನಿಯ ದಾಖಲೆಯಲ್ಲಿ ಅವರು ನೌಕರರೇ ಅಲ್ಲ. ಗುತ್ತಿಗೆದಾರನ ಮೇಸ್ತ್ರಿ ಕರೆತಂದ ಆಳುಗಳು!

ಉದ್ಯಮಿಗಳ ಉತ್ತರ ಸಿದ್ಧವಾಗಿದೆ: ಗುತ್ತಿಗೆದಾರನಿಗೆ ಹಣ ಸಂದಿದೆ, ಸೆಸ್ ಕಟ್ಟಿದೆ, ಸಮಾಜಕ್ಕೂ ಕೊಟ್ಟಿದೆ. ಈ ಉತ್ತರವನ್ನು ಒರೆಗೆ ಹಚ್ಚಬೇಕು. ನಿರ್ಮಾಣ ವೆಚ್ಚದ ಮೇಲಿನ ಸೆಸ್ಸು 1996ರ ಕಾನೂನಿನಿಂದ ಬಂದದ್ದು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳೂ ಅದನ್ನು ಕೈಬಿಟ್ಟಿಲ್ಲ. ಆದರೆ ದೇಶದಲ್ಲಿ ಸಂಗ್ರಹವಾದ 37,400 ಕೋಟಿಗೂ ಮಿಕ್ಕ ಹಣದಲ್ಲಿ ಬಳಕೆಯಾದದ್ದು ಸುಮಾರು 9,500 ಕೋಟಿ ಮಾತ್ರವೆಂಬುದು 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ದಾಖಲಾಯಿತು. ಈ ತಪ್ಪು ಸರ್ಕಾರಗಳದು, ನಿಜ. ಆದರೂ ಕಾರ್ಮಿಕನು ನೋಂದಾಯಿತನಾಗಲು ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿರಬೇಕು. ಅದಕ್ಕೆ ಕೆಲಸ ಕೊಟ್ಟವರ ಒಂದು ಸಹಿ ಒಳ್ಳೆಯ ಪುರಾವೆ. ಶಾಲಿಗೆ ಹಣ ಬೇಕು, ಸಹಿಗೆ ಬೇಡ. ಆದರೂ ಶಾಲು ಸುಲಭವಾಗಿ ದೊರೆಯುತ್ತದೆ, ಸಹಿ ದೊರೆಯುವುದಿಲ್ಲ.

ಸಮಾಜಸೇವೆಯ ವಿಷಯವೂ ಹೀಗೆಯೇ. 2013ರ ಕಂಪನಿ ಕಾಯಿದೆಯಂತೆ ದೊಡ್ಡ ಕಂಪನಿಗಳು ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜಕ್ಕಾಗಿ ವ್ಯಯಿಸಬೇಕು. ತನ್ನ ನೌಕರರ ಅನುಕೂಲಕ್ಕಾಗಿ ಮಾಡಿದ ವೆಚ್ಚ ಇದರಲ್ಲಿ ಸೇರದು. ಬಾಕಿ ಬೇರೆ, ದಾನ ಬೇರೆ; ಒಂದರ ಪುಟದಲ್ಲಿ ಮತ್ತೊಂದನ್ನು ಬರೆಯಬಾರದೆಂಬುದು ಯಾವ ವ್ಯಾಪಾರಿಗೆ ತಿಳಿಯದು?

2020ರ ಲಾಕ್‌ಡೌನ್ ಕಾಲವನ್ನು ನೆನೆಯಬೇಕು. ಮೇ 5ರಂದು ಕಟ್ಟಡ ಉದ್ಯಮದ ಪ್ರತಿನಿಧಿಗಳು ಕರ್ನಾಟಕದ ಮುಖ್ಯಮಂತ್ರಿಯವರನ್ನು ಭೇಟಿಯಾದರು. ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯುವ ವಿಶೇಷ ರೈಲುಗಳು ಇನ್ನು ಬೇಡವೆಂದು ಅದೇ ದಿನ ಸರ್ಕಾರ ರೈಲ್ವೆಗೆ ಬರೆಯಿತು. ತೀವ್ರ ಟೀಕೆಯ ಬಳಿಕವಷ್ಟೇ ಆ ನಿರ್ಧಾರ ಬದಲಾಯಿತು. ಕೆಲಸ ನಿಲ್ಲುವಾಗ ಅವರು ಅನಿವಾರ್ಯರು, ಹಕ್ಕು ಕೇಳುವಾಗ ಗುತ್ತಿಗೆದಾರನವರು ಎಂಬ ಈ ಇಬ್ಬಂದಿತನಕ್ಕೆ ಯಾವ ಪ್ರಶಸ್ತಿ ಸಮಾರಂಭವೂ ಪರಿಹಾರವಲ್ಲ.

ಬೇರೆ ದಾರಿ ಇಲ್ಲದಿಲ್ಲ. 1969ರಲ್ಲಿ ದೆಹಲಿಯ ರಾಜಘಾಟ್ ಬಳಿ ಗಾಂಧಿ ಶತಮಾನೋತ್ಸವದ ಪ್ರದರ್ಶನಕ್ಕಾಗಿ ಕಟ್ಟಡಗಳು ಏಳುತ್ತಿದ್ದವು. ಅಲ್ಲಿ ಧೂಳಿನಲ್ಲಿ ಬಿದ್ದಿದ್ದ ಕೂಲಿಯವರ ಮಕ್ಕಳನ್ನು ಕಂಡು ಮೀರಾ ಮಹದೇವನ್ ಅದೇ ನೆಲದಲ್ಲಿ ಶಿಶುವಿಹಾರ ತೆರೆದರು. 'ಮೊಬೈಲ್ ಕ್ರೆಷಸ್' ಸಂಸ್ಥೆ ಹುಟ್ಟಿದ್ದು ಹೀಗೆ. ಸಮಾಜಸೇವೆ ಕಾಮಗಾರಿಯ ಬೇಲಿಯೊಳಗಿನಿಂದಲೇ ಆರಂಭವಾಗಬೇಕೆಂಬುದಕ್ಕೆ ಬೇರೆ ನಿದರ್ಶನ ಬೇಕೆ?

ಅತಿಭಾರಾರೋಪಣ, ಅನ್ನಪಾನನಿರೋಧಗಳು ಅಹಿಂಸಾಣುವ್ರತದ ಅತಿಚಾರಗಳೆಂದು ಶ್ರಾವಕರು ಬಲ್ಲರು. ಎತ್ತಿನ ಹೊರೆಯ ಬಗ್ಗೆ ಮರುಗುವವರು ಕೂಲಿ ತಡೆದಾಗ ಆರುವ ಒಲೆಯನ್ನು ಕಾಣದಿರಬಹುದೆ? ಬಸದಿಯ ಜೀರ್ಣೋದ್ಧಾರಕ್ಕೆ, ಯಾತ್ರಿನಿವಾಸಕ್ಕೆ ಕಂಪನಿಗಳಿಂದ ದೇಣಿಗೆ ಪಡೆಯುವ, ಅವುಗಳಿಗೆ ಕೆಲಸ ವಹಿಸುವ ಟ್ರಸ್ಟ್‌ಗಳಿಗೂ ಇಲ್ಲಿ ಹೊಣೆಯಿದೆ. ದಾನಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಲಿ: ಕೂಲಿ ಬಾಕಿ ಉಳಿದಿದೆಯೆ? ಕಾರ್ಮಿಕರ ನೋಂದಣಿ ಆಗಿದೆಯೆ? ಅವರ ಮಕ್ಕಳಿಗೆ ನೆರಳುಂಟೆ? ತೃಪ್ತಿಕರ ಉತ್ತರ ದೊರೆಯುವವರೆಗೆ ಕಲ್ಲು ಖಾಲಿಯಾಗಿಯೇ ಇರಲಿ.