ಹಡಗಿನ ಗಡಿಯಾರ, ಬಸದಿಯ ಜಿರಾಫೆ

ಪ್ರವಾಸಿ ಹಡಗಿನಲ್ಲಿ ಬರುವವರಿಗೆ ಬಂದರೆಂದರೆ ಒಂದು ಹಗಲಿನ ಊರು. ಬೆಳಿಗ್ಗೆ ಇಳಿಯಬೇಕು, ಸಂಜೆ ಹತ್ತಬೇಕು. ಮೆಡಿಟರೇನಿಯನ್ ತೀರದ ನೇಪಲ್ಸಿನಲ್ಲಿ ಇಳಿದವರು ಪಾಂಪೆಯ ಅವಶೇಷ ನೋಡಲು ಧಾವಿಸುತ್ತಾರೆ. ಮಳೆಗಾಲ ಕಳೆದ ಮೇಲೆ ನವಮಂಗಳೂರು ಬಂದರಿಗೆ ಬಂದವರು ಮೂಡುಬಿದಿರೆಯ ಸಾವಿರ ಕಂಬದ ಬಸದಿಯತ್ತ ಹೊರಡುತ್ತಾರೆ.

ಈ ಹಡಗುಗಳು ಮಂಗಳೂರಿನ ಹಳೆಯ ಬಂದರಿಗೆ ಬರಲಾರವು. ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ಘಟ್ಟದಿಂದ ಹೊತ್ತು ತಂದ ಮರಳು, ಹರಿವು ನಿಧಾನವಾಗುವ ಅಳಿವೆಯಲ್ಲಿ ತಳಕ್ಕಿಳಿದು ದಿಬ್ಬವಾಗುತ್ತದೆ. ದೊಡ್ಡ ಹಡಗಿಗೆ ಅಲ್ಲಿ ಆಳ ಸಾಲದು. ಅದಕ್ಕಾಗಿಯೇ ಪಣಂಬೂರಿನಲ್ಲಿ ನೆಲ ಅಗೆದು ಹೊಸ ಬಂದರು ಕಟ್ಟಲಾಯಿತು. ಅದರ ಉದ್ಘಾಟನೆ ನಡೆದದ್ದು 1975ರಲ್ಲಿ.

ಬಂದರಿನಿಂದ ಮೂಡುಬಿದಿರೆಗೆ ಸುಮಾರು 35 ಕಿಲೋಮೀಟರ್. ಕಾರ್ಕಳದ ಬಾಹುಬಲಿಯನ್ನೂ ನೋಡಬೇಕೆಂದರೆ ಮತ್ತೆ 18 ಕಿಲೋಮೀಟರ್. ಮಂಗಳೂರಿಗೆ ಮರಳಿ, ಇಟಲಿಯ ಆಂಟೋನಿಯೊ ಮೊಶೆನಿ ಚಿತ್ರ ಬರೆದ ಸಂತ ಅಲೋಶಿಯಸ್ ಚಾಪೆಲ್, ಒಂದು ಗೇರುಬೀಜ ಕಾರ್ಖಾನೆ, ಪೇಟೆ ಎನ್ನುವಷ್ಟರಲ್ಲಿ ಹೊತ್ತು ಮುಗಿಯುತ್ತದೆ. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ 1604ರಿಂದ ನಿಂತಿರುವ 35 ಅಡಿಯ ಗೊಮ್ಮಟನಿಗೆ ಈ ಲೆಕ್ಕದಲ್ಲಿ ಜಾಗ ಸಿಗುವುದು ಕಷ್ಟ. ಘಟ್ಟದಿಂದ ಇಳಿದ ಸರಕು ಹಿಂದೆ ದೋಣಿಯೇರಿ ಕಡಲಿಗೆ ಹೋಗುತ್ತಿದ್ದ ಬಂಟ್ವಾಳಕ್ಕಂತೂ ಇಲ್ಲವೇ ಇಲ್ಲ.

ಇಷ್ಟೆಲ್ಲ ಓಡಾಟದಿಂದ ಊರಿಗೇನು ಲಾಭ? ಪ್ರವಾಸಿಯ ರಾತ್ರಿಯೂಟ, ನಿದ್ದೆ ಎರಡೂ ಹಡಗಿನಲ್ಲೇ. ಬಸ್ಸು, ಟ್ಯಾಕ್ಸಿಯವರಿಗೆ, ಗೈಡುಗಳಿಗೆ, ಎಳನೀರು ಮಾರುವವರಿಗೆ ನಾಲ್ಕು ಕಾಸು ಸಿಗುತ್ತದೆ, ಅಷ್ಟೇ. ಹಡಗುಗಳ ಕಾಟ ತಾಳಲಾರದೆ ವೆನಿಸ್ ನಗರದ ನಡುಗಾಲುವೆಗೆ ದೊಡ್ಡ ಹಡಗು ಬರುವುದನ್ನು ಇಟಲಿ ಸರಕಾರ 2021ರಲ್ಲಿ ನಿಷೇಧಿಸಿತು. ನಮ್ಮಲ್ಲಿ ಅಷ್ಟು ಜನಸಂದಣಿಯಿಲ್ಲ. ಇಲ್ಲಿನ ತೊಂದರೆ ಗಡಿಬಿಡಿ.

ಆ ಗಡಿಬಿಡಿಯಲ್ಲಿ ಕೈತಪ್ಪುವುದೇನು ಎಂಬುದಕ್ಕೆ ಬಸದಿಯೇ ಉತ್ತರ. 1430ರಲ್ಲಿ ಕಟ್ಟಲಾರಂಭಿಸಿದ ಇದರಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲ ಎಂಬ ಮಾತಿದೆ. ಬಂದವರೆಲ್ಲ ತಲೆಯೆತ್ತಿ ಕಂಬ ನೋಡುತ್ತಾರೆ. ಆದರೆ ಭೈರಾದೇವಿ ಮಂಟಪದ ಬುಡದಲ್ಲಿ, ಬಗ್ಗಿ ನೋಡಿದರೆ ಮಾತ್ರ ಕಾಣುವಲ್ಲಿ, ಒಂದು ಜಿರಾಫೆಯಿದೆ. ಚೀನಾದ ಡ್ರ್ಯಾಗನ್ ಕೂಡ ಇದೆ. ಜಿರಾಫೆ ಆಫ್ರಿಕದ ಪ್ರಾಣಿ. ಅದು ತುಳುನಾಡಿನ ಕಲ್ಲಿಗೆ ಬಂದದ್ದು ಹೇಗೆ? ಕರಾವಳಿಯ ಮೆಣಸು ಅಕ್ಕಿಗಳಿಗಾಗಿ ಅರಬರ ಹಡಗುಗಳು ಬರುತ್ತಿದ್ದ, ಚೀನಾದ ನಾವಿಕ ಝೆಂಗ್ ಹೆ ಕಲ್ಲಿಕೋಟೆಯವರೆಗೆ ಬಂದುಹೋದ ಕಾಲವದು. ಪ್ರಾಣಿ ಬರದಿದ್ದರೂ ಅದರ ಸುದ್ದಿ ಕಡಲು ದಾಟಿ ಬಂದಿರಬೇಕು.

ಹಡಗಿನಲ್ಲಿ ಬಂದವರಿಗೆ ತೋರಿಸಲು ಇದಕ್ಕಿಂತ ಮಿಗಿಲಾದದ್ದು ಯಾವುದಿದೆ? ನಾಲ್ಕು ಸ್ಥಳ ಮುಟ್ಟಿ ಓಡುವ ಬದಲು ಒಂದನ್ನು ಬಿಟ್ಟು, ಉಳಿದ ಗಂಟೆಯನ್ನು ಈ ಮಂಟಪದ ಬುಡದಲ್ಲಿ ಕಳೆದರೆ ಅತಿಥಿಗೆ ಒಂದು ಕಥೆಯಾದರೂ ದಕ್ಕೀತು. ನಮ್ಮ ಮಕ್ಕಳಿಗಾದರೋ ಹತ್ತಬೇಕಾದ ಹಡಗಿಲ್ಲ, ಸಂಜೆಯ ಗಡುವಿಲ್ಲ. ಬಸದಿಯ ಪಕ್ಕದಲ್ಲೇ ಶಾಲೆಗೆ ಹೋಗುವವರಲ್ಲಿ ಎಷ್ಟು ಮಂದಿ ಆ ಜಿರಾಫೆಯನ್ನು ನೋಡಿದ್ದಾರೆ? ಒಂದು ಶನಿವಾರ ಮಧ್ಯಾಹ್ನ ಅವರನ್ನು ಕರೆದೊಯ್ದು ತೋರಿಸಿದರೆ, ಮುಂದಿನ ಹಡಗು ಬರುವ ಹೊತ್ತಿಗೆ ಊರಲ್ಲಿ ಒಳ್ಳೆಯ ಗೈಡುಗಳಿಗೆ ಕೊರತೆಯಿರದು.