ಕೆಡವುವ ಮುನ್ನ ಗಾರೆ ಬಲ್ಲವರನ್ನು ಕೇಳಿ

2012ರ ಆಗಸ್ಟ್‌ನಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ, ದುರಸ್ತಿ ನಡೆಯುತ್ತಿದ್ದಾಗಲೇ, ದೇವರಾಜ ಮಾರುಕಟ್ಟೆಯ ಉತ್ತರದ ಹೆಬ್ಬಾಗಿಲು ಬಿತ್ತು. 2022ರ ಅಕ್ಟೋಬರ್‌ನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಸರದಿ. ಪ್ರತಿ ಸಲವೂ ಊರಿನಲ್ಲಿ ಅದೇ ಜಗಳ: ಕೆಡವಬೇಕೋ, ಉಳಿಸಬೇಕೋ. ಮಾರುಕಟ್ಟೆಯನ್ನು ಉಳಿಸಬಹುದು ಎಂದು ಪರಂಪರೆ ರಕ್ಷಣೆಯ ಸಂಸ್ಥೆ ಇಂಟಾಕ್ ಹೇಳಿತು, ಬೇರೆ ತಜ್ಞರು ಕೆಡವಿ ಎಂದರು, 2023ರಲ್ಲಿ ಹೈಕೋರ್ಟ್ ಕೂಡ ಕೆಡವುವ ನಿರ್ಧಾರಕ್ಕೆ ಅಡ್ಡಿ ಬರಲಿಲ್ಲ. ಈ ಕಟ್ಟಡಗಳನ್ನು ವರ್ಷವಿಡೀ ನೋಡಿಕೊಳ್ಳಬೇಕಿದ್ದವರು ಯಾರು ಎಂಬ ಪ್ರಶ್ನೆಯನ್ನು ಮಾತ್ರ ಗಟ್ಟಿಯಾಗಿ ಕೇಳಿದವರು ಕಡಿಮೆ.

ಇಂಥ ಕಟ್ಟಡಗಳ ಮದ್ರಾಸ್ ತಾರಸಿಯನ್ನು ಗಮನಿಸಿ. ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸಿರುತ್ತಾರೆ. ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಪದರ. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಬೆರೆಸಿ ಗಾರೆ ಹದ ಮಾಡುತ್ತಿದ್ದ ಕಾಲವದು. ಇಂಥ ಗಾರೆಯ ಗೋಡೆ ತೇವ ಹೀರುತ್ತದೆ, ಮತ್ತೆ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು, ಗೋಡೆಯೊಳಗೆ ಹುದುಗಿದ ತೊಲೆಯ ತುದಿ ಕೊಳೆಯುತ್ತದೆ. ಸೋರುತ್ತದೆಂದು ತಾರಸಿಗೆ ಪದರದ ಮೇಲೆ ಪದರ ಹಾಕಿದರೆ ಆ ಕೊಳೆತ ತೊಲೆಯ ಮೇಲೇ ಭಾರ ಹೆಚ್ಚುತ್ತದೆ. ಗೋಡೆಯ ಬಿರುಕಿನಲ್ಲಿ ಹುಟ್ಟಿದ ಅರಳಿ ಸಸಿಯನ್ನು ಬೆರಳಿನಷ್ಟಿರುವಾಗ ಕಿತ್ತರೆ ಮುಗಿಯಿತು, ತೋಳಿನಷ್ಟಾದ ಮೇಲೆ ಗೋಡೆಯನ್ನೇ ಬಿಚ್ಚಬೇಕು. ಇದನ್ನು ತಿಳಿಯಲು ದೊಡ್ಡ ಸಮಿತಿ ಬೇಡ. ಮಳೆಗಾಲಕ್ಕೆ ಮುಂಚೆ ಏಣಿ ಹತ್ತಿ ನೋಡುವ, ಗಾರೆಯ ಗುಣ ಬಲ್ಲ ಒಬ್ಬ ಮನುಷ್ಯ ಸಾಕು.

ಆ ಮನುಷ್ಯನಿಗೆ ನಮ್ಮಲ್ಲಿ ಕೆಲಸವೆಲ್ಲಿದೆ? ಎಂಜಿನಿಯರಿಂಗ್ ಓದಿನ ಬಹುಪಾಲು ಕಾಂಕ್ರೀಟ್ ಮತ್ತು ಉಕ್ಕಿಗೇ ಮೀಸಲು. ಹಾಗೆ ಕಲಿತವರಿಗೆ 130 ವರ್ಷದ ಸುಣ್ಣದ ಗೋಡೆ ಅಪಾಯವಾಗಿ ಕಂಡರೆ ಅವರನ್ನು ಬೈದು ಫಲವಿಲ್ಲ. ಇತ್ತ ಸಂರಕ್ಷಣೆಯನ್ನೇ ಆರಿಸಿ ಓದಿದ ಹುಡುಗ ಹುಡುಗಿಯರು ಒಂದು ಯೋಜನೆ ಮುಗಿದರೆ ಇನ್ನೊಂದಕ್ಕೆ ಕಾಯುತ್ತಾ, ಕೊನೆಗೆ ಹೊಸ ಮನೆಗಳ ನಕ್ಷೆ ಬರೆಯಲು ಹೋಗುತ್ತಾರೆ. ಗಾರೆ ಕೆಲಸದ ಹಿರಿಯರು ತಮ್ಮ ಮಕ್ಕಳನ್ನು ಈ ಕಸುಬಿಗೆ ಕಳಿಸುವುದಿಲ್ಲ. ಯಾಕೆ ಕಳಿಸಬೇಕು? ಕಡಿಮೆ ದರದ ಟೆಂಡರಿಗೆ ಕೆಲಸ ಹೋಗುವಾಗ ಅವರ ಕೈಚಳಕಕ್ಕೆ ಬೆಲೆಯೇ ಇಲ್ಲ.

ದುಡ್ಡಿದ್ದರೆ ಸಾಕು ಎನ್ನುವವರು ಮೈಸೂರು ವಿಶ್ವವಿದ್ಯಾಲಯದ ಆವರಣ ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸಕ್ಕೆ ಹೋಗಿ ಬರಲಿ. 1905ರ ಆ ಅರಮನೆಯನ್ನು ಈ ಶತಮಾನದ ಆರಂಭದಲ್ಲಿ ಇನ್ಫೊಸಿಸ್ ಪ್ರತಿಷ್ಠಾನದ ನೆರವಿನಿಂದ ಚೆನ್ನಾಗಿ ಜೀರ್ಣೋದ್ಧಾರ ಮಾಡಲಾಯಿತು. ಎರಡು ದಶಕ ಕಳೆಯುವಷ್ಟರಲ್ಲಿ ಅದು ಮತ್ತೆ ದೊಡ್ಡ ದುರಸ್ತಿಗೆ ಹಣ ಹುಡುಕುವ ಸ್ಥಿತಿಗೆ ಬಂತು. ದುಡ್ಡು ಒಮ್ಮೆ ಬರುತ್ತದೆ, ಮಳೆ ವರ್ಷ ವರ್ಷವೂ ಬರುತ್ತದೆ.

ಮಾರುಕಟ್ಟೆಯ ವ್ಯಾಪಾರಿಗಳ ಭಯ ನಿಜ. ತಲೆಯ ಮೇಲಿನ ಸೂರು ಯಾವಾಗ ಬೀಳುತ್ತದೋ ಎಂದುಕೊಂಡು ಹೂವು, ಅರಿಸಿನ, ಕುಂಕುಮ ಮಾರುವವರಿಗೆ ಪರಂಪರೆಯ ಪಾಠ ಹೇಳುವ ಹಕ್ಕು ಯಾರಿಗೂ ಇಲ್ಲ. ಸತ್ತ ನಾಲ್ವರ ಮನೆಯವರ ಮುಂದೆಯಂತೂ ಇಲ್ಲವೇ ಇಲ್ಲ. ಆದರೆ ಆ ನಾಲ್ವರನ್ನು ಕೊಂದದ್ದು ಕಟ್ಟಡದ ವಯಸ್ಸೆಂದು ನಾನು ಒಪ್ಪಲಾರೆ. ನೋಡಿಕೊಳ್ಳುವವರಿಲ್ಲದೆ ಹೋದರೆ ಕಾಂಕ್ರೀಟಿನ ಕಟ್ಟಡವೂ ಕೊಲ್ಲುತ್ತದೆ. ಹಳೆಯದನ್ನು ಕೆಡವಿ ಅದೇ ಶೈಲಿಯಲ್ಲಿ ಕಟ್ಟಿಕೊಡುತ್ತೇವೆ ಎನ್ನುವವರಿಗೂ ಇದೇ ಮಾತು: ಕಮಾನಿನ ಆಕಾರ ಹೊತ್ತ ಹೊಸ ಕಟ್ಟಡದ ಮೋರಿ, ತಾರಸಿಯನ್ನು ಮುಂದೆ ನೋಡುವವರಾದರೂ ಯಾರು?

ಮೈಸೂರು ಪಾಲಿಕೆ ಸಂರಕ್ಷಣಾ ವಾಸ್ತುಶಿಲ್ಪಿಗಳನ್ನೂ ಗಾರೆ ಮೇಸ್ತ್ರಿಗಳನ್ನೂ ಕಾಯಂ ಹುದ್ದೆಗೆ ತೆಗೆದುಕೊಳ್ಳಲಿ. ಪ್ರತಿ ಮೇ ತಿಂಗಳಲ್ಲಿ ಪ್ರತಿ ಪಾರಂಪರಿಕ ಕಟ್ಟಡದ ತಾರಸಿ ಪರೀಕ್ಷಿಸಿದ ವರದಿಯನ್ನು ಸಹಿ ಸಮೇತ ಪ್ರಕಟಿಸಲಿ. ವಿಶ್ವವಿದ್ಯಾಲಯ ಈ ಮೇಸ್ತ್ರಿಗಳನ್ನು ಗೌರವಧನ ಕೊಟ್ಟು ತರಗತಿಗೆ ಕರೆಸಲಿ. ಅಲ್ಲಿಯವರೆಗೆ ದೇವರಾಜ ಮಾರುಕಟ್ಟೆಯ ಗೋಡೆಗೆ ಹಾರೆ ಹಾಕಬೇಡಿ.